ಅರಸನ ಬಾಣಬಿರುಸು, ಯಾರ ಸಂಗೀತ?

ಅರಸನೊಬ್ಬನ ಉತ್ಸವಕ್ಕೆಂದು ಬರೆಸಿದ ಸಂಗೀತ, ಆ ಅರಸ ಮಣ್ಣಾದ ಮೇಲೆ ಯಾರ ಸ್ವತ್ತು? ಬರೆದವನದೋ, ಊದಿದವರದೋ, ಕಾಸು ಕೊಟ್ಟು ಕೇಳಿದವರದೋ? ಇಲ್ಲ, ಆ ಉತ್ಸವದ ಖರ್ಚನ್ನು ಯಾರ ಬೆನ್ನಿನಿಂದ ಸುಲಿದರೋ ಅವರದೋ?

ಈ ಪ್ರಶ್ನೆಯನ್ನು ನಾವು ತೌಡು ಕುಟ್ಟುವುದಕ್ಕೆ ಎತ್ತಿಕೊಂಡಿಲ್ಲ. ಯುರೋಪಿನಲ್ಲಿ ಬರೋಕ್ ಅಂತ ಕರೆಯುವ ಕಾಲ ಒಂದಿತ್ತು, ಸುಮಾರು 1600ರಿಂದ 1750ರವರೆಗೆ. ಆ ಕಾಲದ ದರ್ಬಾರಿ ಸಂಗೀತವನ್ನು ಇಪ್ಪತ್ತನೆಯ ಶತಮಾನದವರು ಎತ್ತಿಕೊಂಡು ತಮ್ಮ ದೊಡ್ಡ ಆರ್ಕೆಸ್ಟ್ರಾಗಳಿಗೆ ಹೊಂದಿಸಿ ಬರೆದರು. (ಆರ್ಕೆಸ್ಟ್ರಾ ಅಂದಕೂಡಲೇ ನಮ್ಮೂರುಗಳಲ್ಲಿ ಗಣಪತಿ ಪೆಂಡಾಲಿನ ಸಿನಿಮಾ ಹಾಡು ನೆನಪಾಗುತ್ತದೆ. ಇದು ಅದಲ್ಲ.) ಹೀಗೆ ಹೊಸದಾಗಿ ಹೊಂದಿಸುವುದು ಸರಿಯೋ ತಪ್ಪೋ ಅಂತ ಪಂಡಿತರು ಜಗಳ ಆಡುತ್ತಲೇ ಬಂದಿದ್ದಾರೆ. ಅವರ ಜಗಳ ವಾದ್ಯಗಳದ್ದು. ನಮ್ಮ ಜಗಳ ಬೇರೆ.

ಒಂದು ಕೃತಿಯನ್ನೇ ಹಿಡಿದು ನೋಡೋಣ. 1749ರ ಏಪ್ರಿಲ್ 27, ಲಂಡನ್ನಿನ ಗ್ರೀನ್ ಪಾರ್ಕ್. ಎಂಟು ವರ್ಷ ಯುರೋಪನ್ನು ಸುಟ್ಟ ಆಸ್ಟ್ರಿಯಾ ಸಿಂಹಾಸನದ ಯುದ್ಧ ಮುಗಿದು, ಹಿಂದಿನ ಅಕ್ಟೋಬರಿನಲ್ಲಿ ಏ-ಲಾ-ಶಪೆಲ್ ಎಂಬ ಊರಿನಲ್ಲಿ ಒಪ್ಪಂದವಾಗಿತ್ತು. ಎರಡನೆಯ ಜಾರ್ಜ್ ದೊರೆಗೆ ಬಾಣಬಿರುಸಿನ ಹಬ್ಬ ಬೇಕಾಯಿತು. ಸೆರ್ವಾಂಡೋನಿ ಎಂಬ ಕಲಾವಿದ ನೂರು ಅಡಿಗೂ ಎತ್ತರದ ಮರದ ಅರಮನೆ ನಿಲ್ಲಿಸಿದ. ಸಂಗೀತಕ್ಕೆ ಹ್ಯಾಂಡೆಲ್. ದೊರೆಯ ಕಟ್ಟಪ್ಪಣೆ ಏನೆಂದರೆ ಯುದ್ಧದ ವಾದ್ಯಗಳು ಮಾತ್ರ ಇರಬೇಕು, ಪಿಟೀಲು ಕೂಡದು. ಹ್ಯಾಂಡೆಲನಿಗೆ ಪಿಟೀಲು ಸೇರಿಸುವ ಆಸೆ. ಹಬ್ಬದ ಉಸ್ತುವಾರಿ ಹೊತ್ತಿದ್ದ ಮಾಂಟೆಗ್ಯೂ ಡ್ಯೂಕ್ ಈ ಹಟಮಾರಿಯನ್ನು ಕಟ್ಟಿಕೊಂಡು ಏಗುವುದು ಹೇಗೆ ಅಂತ ಕಾಗದದ ಮೇಲೆ ಕಾಗದ ಬರೆದ. ಕೊನೆಗೆ ಹ್ಯಾಂಡೆಲನ ಕೈಬರಹದಲ್ಲಿ ಉಳಿದದ್ದು ಇಷ್ಟು: 24 ಓಬೋ (ಜೊಂಡಿನ ನಾಲಿಗೆಯ ವಾದ್ಯ, ನಮ್ಮ ಶಹನಾಯಿಯ ದಾಯಾದಿ ಅನ್ನಿ), 12 ಬಸೂನ್, 9 ಕೊಂಬು, 9 ತುತ್ತೂರಿ, ಮೂರು ಜೊತೆ ನಗಾರಿ.

ಹಬ್ಬಕ್ಕೆ ಆರು ದಿನ ಮೊದಲು ವಾಕ್ಸ್‌ಹಾಲ್ ತೋಟದಲ್ಲಿ ತಾಲೀಮು. ಅದಕ್ಕೂ ಟಿಕೇಟು, ತಲೆಗೆ ಎರಡೂವರೆ ಶಿಲಿಂಗ್, ಕೂಲಿಯವನ ಒಂದು ದಿನದ ದುಡಿಮೆಗಿಂತ ಹೆಚ್ಚು. ಹನ್ನೆರಡು ಸಾವಿರ ಜನ ಸೇರಿದ್ದರು, ಲಂಡನ್ ಸೇತುವೆಯ ಮೇಲೆ ಸಾರೋಟುಗಳು ಮೂರು ತಾಸು ಸಿಕ್ಕಿಕೊಂಡವು ಅಂತ ಆಗಿನ ಪತ್ರಿಕೆ ಬರೆಯಿತು. ಹಬ್ಬದ ರಾತ್ರಿಯಂತೂ ಮದ್ದು ಸರಿಯಾಗಿ ಹತ್ತಲಿಲ್ಲ, ಮರದ ಅರಮನೆಯ ಒಂದು ಮಗ್ಗುಲೇ ಹೊತ್ತಿಕೊಂಡಿತು, ಸಿಟ್ಟಿಗೆದ್ದ ಸೆರ್ವಾಂಡೋನಿ ಮೇಲ್ವಿಚಾರಕನ ಮೇಲೆ ಕತ್ತಿ ಹಿರಿದು ಕಂಬಿ ಎಣಿಸಿದ. ಈ ಕತೆಯನ್ನು ಸಂಗೀತದ ಪುಸ್ತಕಗಳೆಲ್ಲ ನಗುನಗುತ್ತ ಹೇಳುತ್ತವೆ. ನಾವೂ ನಕ್ಕೆವು.

ಆದರೆ ಆ ಒಪ್ಪಂದದಲ್ಲಿ ಏನಿತ್ತು ಅನ್ನುವುದನ್ನು ಅದೇ ಪುಸ್ತಕಗಳು ನುಂಗಿಕೊಳ್ಳುತ್ತವೆ.

ಅದರಲ್ಲಿ ಮದರಾಸು ಇತ್ತು. 1746ರಲ್ಲಿ ಫ್ರೆಂಚರು ಕಿತ್ತುಕೊಂಡಿದ್ದ ಮದರಾಸನ್ನು ಇಂಗ್ಲಿಷ್ ಕಂಪನಿಗೆ ವಾಪಸು ಕೊಡಬೇಕು, ಬದಲಿಗೆ ಉತ್ತರ ಅಮೆರಿಕದ ಲೂಯಿಬರ್ಗ್ ಕೋಟೆ ಫ್ರೆಂಚರಿಗೆ ಹೋಗಬೇಕು. ಅಲ್ಲಿನ ಕೋಟೆ, ಇಲ್ಲಿನ ಪಟ್ಟಣ, ತಕ್ಕಡಿಯಲ್ಲಿಟ್ಟು ತೂಗಿದ ಸರಕು. ಎರಡೂ ಕಡೆಯ ಜನರನ್ನು ಯಾರೂ ಕೇಳಲಿಲ್ಲ. ಆ ಸೀಮೆಯನ್ನು ಇಂಗ್ಲಿಷರು 'ಕರ್ನಾಟಿಕ್' ಅಂತ ಕರೆಯುತ್ತಿದ್ದರು. ನಮ್ಮ ಹೆಸರೇ, ಬೇರೆ ನೆಲದ ಮೇಲೆ. ಲಂಡನ್ನಿನಲ್ಲಿ ಬಾಣಬಿರುಸು ಹಾರಿ ನಾಲ್ಕು ತಿಂಗಳಾಗುವಷ್ಟರಲ್ಲಿ ಮದರಾಸಿನ ಮೇಲೆ ಮತ್ತೆ ಕಂಪನಿಯ ಬಾವುಟ ಏರಿತು. ಅಲ್ಲಿಂದ ಮುಂದಿನದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಇನ್ನೊಂದು ಕಲಮು ಇದಕ್ಕಿಂತ ಘೋರ. ಸ್ಪೇನಿನ ಅಮೆರಿಕದ ವಸಾಹತುಗಳಿಗೆ ಆಫ್ರಿಕದ ಗುಲಾಮರನ್ನು ಸಾಗಿಸುವ ಗುತ್ತಿಗೆಗೆ 'ಅಸಿಯೆಂಟೋ' ಅಂತ ಹೆಸರು. 1713ರ ಉಟ್ರೆಕ್ಟ್ ಒಪ್ಪಂದ ಅದನ್ನು ಮೂವತ್ತು ವರ್ಷಕ್ಕೆ ಬ್ರಿಟನ್ನಿಗೆ ಕೊಟ್ಟಿತ್ತು, ವರ್ಷಕ್ಕೆ 4,800ರ ಲೆಕ್ಕದಲ್ಲಿ. 4,800 ಏನು? ಜನ ಅಂತ ಎಣಿಸಲಿಲ್ಲ ಸ್ವಾಮಿ, 'ಪಿಯೆಸಾ' ಅಂತ ಎಣಿಸಿದರು, ಅಂದರೆ ತುಂಡು. ಗಟ್ಟಿಮುಟ್ಟಾದ ಆಳು ಒಂದು ತುಂಡು. ಮಗು, ಮುದುಕ, ರೋಗಿ ತುಂಡಿನ ತುಂಡು. ಯುದ್ಧದಿಂದ ನಷ್ಟವಾದ ನಾಲ್ಕು ವರ್ಷದ ಗುತ್ತಿಗೆಯನ್ನು ಏ-ಲಾ-ಶಪೆಲ್ ಒಪ್ಪಂದ ಮತ್ತೆ ದಯಪಾಲಿಸಿತು. ಎರಡೇ ವರ್ಷದಲ್ಲಿ ಬ್ರಿಟನ್ ಒಂದು ಲಕ್ಷ ಪೌಂಡು ಎಣಿಸಿಕೊಂಡು ಅದನ್ನು ಬಿಟ್ಟುಕೊಟ್ಟಿತು ಅನ್ನುವುದು ಬೇರೆ ಮಾತು. ಅದೂ ವ್ಯಾಪಾರವೇ. 1713ರ ಶಾಂತಿಗೂ ದೇವಸ್ತುತಿ ಬರೆದವನು ಇದೇ ಹ್ಯಾಂಡೆಲ್. ಮೂವತ್ತಾರು ವರ್ಷದ ಅಂತರದಲ್ಲಿ ಎರಡು ಶಾಂತಿ, ಎರಡು ಸಂಗೀತ, ಕಲಮು ಅದೇ.

ಅವನು ಬರೀ ಆಳು, ಹೇಳಿದ್ದನ್ನು ಬರೆದ, ಅವನದೇನು ತಪ್ಪು ಅನ್ನಬಹುದು. ಡೇವಿಡ್ ಹಂಟರ್ ಎಂಬ ವಿದ್ವಾಂಸ ಹಳೆಯ ಲೆಕ್ಕಪುಸ್ತಕ ತೆರೆದು ನೋಡಿದಾಗ, ಗುಲಾಮರನ್ನು ಸಾಗಿಸುತ್ತಿದ್ದ ಸೌತ್ ಸೀ ಕಂಪನಿ, ರಾಯಲ್ ಆಫ್ರಿಕನ್ ಕಂಪನಿ ಎರಡರಲ್ಲೂ ಹ್ಯಾಂಡೆಲನ ಹೆಸರಿನ ಷೇರು ಸಿಕ್ಕವು. ಹಾಗಾದರೆ ಆ ಸಂಗೀತವನ್ನು ಬೆಂಕಿಗೆ ಹಾಕೋಣವೇ? ನಮ್ಮಲ್ಲಿ ಕೆಲವು ಗೆಳೆಯರು ಹಾಗೇ ಅನ್ನುತ್ತಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ, ಆದರೂ ಒಪ್ಪುವುದಕ್ಕಾಗದು. ಅದೇ ಮೇ 27ರಂದು ಹ್ಯಾಂಡೆಲ್ ಇದೇ ಸಂಗೀತಕ್ಕೆ ಪಿಟೀಲು ಸೇರಿಸಿ, ತಬ್ಬಲಿ ಮಕ್ಕಳ ಫೌಂಡ್ಲಿಂಗ್ ಆಸ್ಪತ್ರೆಯ ಸಹಾಯಾರ್ಥ ನುಡಿಸಿದ. ದೊರೆಯ ಪಾರ್ಕಿನಿಂದ ತಬ್ಬಲಿಗಳ ಮನೆಗೆ ಒಂದೇ ತಿಂಗಳ ದಾರಿ. ಮೊದಲು ಮಾರ್ಪಡಿಸಿದವನು ಬರೆದವನೇ. ಆದ್ದರಿಂದ ಮೂಲವನ್ನು ಮುಟ್ಟಿದರೆ ಮೈಲಿಗೆ ಅನ್ನುವ ಮಡಿವಂತಿಕೆ ಇಲ್ಲಿ ನಡೆಯುವುದಿಲ್ಲ.

ಇನ್ನು ದೊಡ್ಡ ಆರ್ಕೆಸ್ಟ್ರಾದ ಕತೆ. ಹ್ಯಾಮಿಲ್ಟನ್ ಹಾರ್ಟಿ ಐರ್ಲೆಂಡಿನ ಒಂದು ಸಣ್ಣ ಊರಿನವನು, ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದವನ ಮಗ. 1920ರಿಂದ 1933ರವರೆಗೆ ಮ್ಯಾಂಚೆಸ್ಟರಿನ ಹ್ಯಾಲೆ ಆರ್ಕೆಸ್ಟ್ರಾವನ್ನು ನಡೆಸಿದ. ಹ್ಯಾಂಡೆಲನ ಜಲಸಂಗೀತವನ್ನೂ, ಅನಂತರ 1923ರ ಹೊತ್ತಿಗೆ ಈ ಬಾಣಬಿರುಸಿನ ಸಂಗೀತವನ್ನೂ ಅವನು ಹೊಸದಾಗಿ ಹೊಂದಿಸಿದ. 1749ರ ಕೊಂಬು ತುತ್ತೂರಿಗಳಿಗೆ ಕೀಲಿಗಳಿರಲಿಲ್ಲ. ತುಟಿ ಬಿಗಿಹಿಡಿದು, ಉಸಿರು ಅಳೆದು ಸಿಕ್ಕಷ್ಟೇ ಸ್ವರ. ಹಾರ್ಟಿಯ ಕೈಯಲ್ಲಿದ್ದ ವಾದ್ಯಗಳಿಗೆ ಕೀಲಿ ಬಂದಿತ್ತು, ಯಾವ ಸ್ವರ ಬೇಕಾದರೂ ಹೊರಡುತ್ತಿತ್ತು. ತುತ್ತೂರಿ, ಓಬೋಗಳ ಹಿಂಡು ಕರಗಿತು, ದೊರೆ ಕೂಡದು ಅಂದಿದ್ದ ಪಿಟೀಲುಗಳ ಸಾಲು ಮುಂದೆ ಬಂದು ಕೂತಿತು. ಸತ್ತ ದೊರೆಯ ಅಪ್ಪಣೆಯನ್ನು ಇಷ್ಟು ಸೊಗಸಾಗಿ ಮುರಿದವರು ಕಡಿಮೆ. ಕೇಳಿದರೆ ಎದೆ ತುಂಬುತ್ತದೆ, ಸುಳ್ಳೇಕೆ ಹೇಳೋಣ.

ಅದನ್ನು ಕೇಳಿದ ಊರಾದರೂ ಯಾವುದು? ಆಗ ಹ್ಯಾಲೆಯ ಮನೆ ಫ್ರೀ ಟ್ರೇಡ್ ಹಾಲ್ ಆಗಿತ್ತು. 1819ರಲ್ಲಿ ಓಟಿನ ಹಕ್ಕು ಕೇಳಲು ಸೇರಿದ್ದ ಬಡವರ ಮೇಲೆ ಕುದುರೆಪಡೆ ನುಗ್ಗಿ ಹದಿನೈದಕ್ಕೂ ಹೆಚ್ಚು ಜನರನ್ನು ಕೊಂದ ಮೈದಾನದ ಮೇಲೆ ಕಟ್ಟಿದ್ದು. ಮ್ಯಾಂಚೆಸ್ಟರಿನ ಗಿರಣಿಗಳು ತಿರುಗಿದ್ದು ಅಮೆರಿಕದ ಗುಲಾಮರು ಬಿಡಿಸಿದ ಹತ್ತಿಯಿಂದ. ಆದರೆ 1862ರ ಡಿಸೆಂಬರ್ 31ರಂದು, ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬಾರದೆ ಗಿರಣಿ ನಿಂತು ಒಲೆ ಆರಿದ್ದ ಹೊತ್ತಿನಲ್ಲಿ, ಇದೇ ಹಾಲಿನಲ್ಲಿ ಸೇರಿದ ಕೂಲಿಗಳು ನಾವು ಗುಲಾಮರ ಬಿಡುಗಡೆಯ ಪರ ಅಂತ ಲಿಂಕನ್ನನಿಗೆ ಕಾಗದ ಬರೆದರು. ಹಸಿದ ಹೊಟ್ಟೆಯ ಆ ಕಾಗದಕ್ಕೆ ಲಿಂಕನ್ ಉತ್ತರ ಕೊಟ್ಟ. ಆ ಕೂಲಿಗಳ ಮೊಮ್ಮಕ್ಕಳು ಅದೇ ಸೂರಿನ ಕೆಳಗೆ ಕೂತು ಬಾಣಬಿರುಸಿನ ಸಂಗೀತ ಕೇಳಿದರು ಅಂದುಕೊಳ್ಳಿ. ಅದು ಅವರದ್ದಲ್ಲ ಅನ್ನಲು ನಾವು ಯಾರು? ದೊರೆಗಿಂತ ಅವರ ಹಕ್ಕೇ ದೊಡ್ಡದು.

ಆದರೆ ಅವರಿಗೆ ಕೊಟ್ಟದ್ದು ಏನನ್ನು? ಹ್ಯಾಂಡೆಲನ ಮೂಲದಲ್ಲಿ ಒಂದು ಭಾಗಕ್ಕೆ 'ಲಾ ಪೇ', ಅಂದರೆ ಶಾಂತಿ, ಅಂತ ಹೆಸರು. ಹಾರ್ಟಿಯ ಹೊಂದಾಣಿಕೆಯಲ್ಲಿ ಅದು ಬರೀ 'ಅಲ್ಲಾ ಸಿಸಿಲಿಯಾನಾ', ಸಿಸಿಲಿ ಧಾಟಿ ಅಷ್ಟೆ. ಅವನು ಬೇಕೆಂದು ಮುಚ್ಚಿಟ್ಟ ಅಂತ ನಾವು ಹೇಳುತ್ತಿಲ್ಲ. ರಾಗ ಚೆನ್ನಾಗಿತ್ತು, ಎತ್ತಿಕೊಂಡ. ಹೆಸರು ಬಿದ್ದುಹೋದ ಜಾಗದಲ್ಲಿ ಯಾರ ಶಾಂತಿ, ಎಂಥ ಶಾಂತಿ, ಎಷ್ಟು ತುಂಡಿನ ಶಾಂತಿ ಅಂತ ಕೇಳುವ ಕೊಂಡಿಯೂ ಕಳಚಿತು. ಹಬ್ಬಕ್ಕೆ ಹಲಗೆಯ ಸದ್ದು ಬೇಕು, ಹಲಗೆಯವನ ಸುದ್ದಿ ಬೇಡ ಅನ್ನುವ ಊರಲ್ಲಿ ಹುಟ್ಟಿದ ನಮಗೆ ಈ ಕೈಚಳಕ ಬೇಗ ಕಣ್ಣಿಗೆ ಬೀಳುತ್ತದೆ.

ಮೂಲಕ್ಕೆ ಮರಳಿದರೆ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. 1959ರಲ್ಲಿ, ಹ್ಯಾಂಡೆಲ್ ಸತ್ತ ಇನ್ನೂರನೆಯ ವರ್ಷ, ಚಾರ್ಲ್ಸ್ ಮೆಕೆರಾಸ್ ಲಂಡನ್ನಿನ ಓಬೋದವರನ್ನೆಲ್ಲ ರಾತ್ರಿ ಕಚೇರಿ ಮುಗಿದ ಮೇಲೆ ಗುಡ್ಡೆಹಾಕಿ, ಪಿಟೀಲಿಲ್ಲದ ಮೂಲರೂಪವನ್ನು ಬೆಳಗಿನವರೆಗೆ ಧ್ವನಿಮುದ್ರಿಸಿದ. ಅದ್ಭುತ ಗದ್ದಲ. ಆದರೆ ಅಲ್ಲಿ ಮರಳಿ ಬಂದದ್ದು ದೊರೆಯ ಅಪ್ಪಣೆ, ಒಪ್ಪಂದದ ಕಲಮುಗಳಲ್ಲ.

ಹಿಗ್ಗಿಸುವುದು ತಪ್ಪಲ್ಲ. ಯಾವುದನ್ನು ಹಿಗ್ಗಿಸುತ್ತೇವೆ ಅನ್ನುವಲ್ಲಿ ನ್ಯಾಯದ ಮಾತು ಬರುತ್ತದೆ. ಪಿಟೀಲಿನ ಬಗ್ಗೆ ಗೊಣಗುತ್ತಿದ್ದ ಆ ಮಾಂಟೆಗ್ಯೂ ಡ್ಯೂಕನಿಗೆ ಗ್ರೀನಿಚ್‌ನ ಒಂದು ಮನೆಯಲ್ಲಿ ಜೀತಕ್ಕಿದ್ದ ಕಪ್ಪು ಹುಡುಗನೊಬ್ಬನ ಪರಿಚಯವಿತ್ತು. ಹುಡುಗನ ಒಡತಿಯರಿಗೆ ಅವನು ಓದು ಕಲಿಯುವುದು ಬೇಡವಾಗಿತ್ತು. ಡ್ಯೂಕ್ ಪುಸ್ತಕ ಕೊಟ್ಟ. ಆ ಹುಡುಗ ಇಗ್ನೇಷಿಯಸ್ ಸಾಂಚೊ. ಗ್ರೀನ್ ಪಾರ್ಕಿನಲ್ಲಿ ಬಾಣಬಿರುಸು ಸಿಡಿದಾಗ ಅವನಿಗೆ ಸುಮಾರು ಇಪ್ಪತ್ತು ವರ್ಷ. ಡ್ಯೂಕ್ ಆ ಬೇಸಿಗೆಯಲ್ಲೇ ಸತ್ತ. ಸಾಂಚೊ ಆ ಮನೆತನದ ಊಳಿಗಕ್ಕೆ ಸೇರಿದ, ಮುಂದೆ ವೆಸ್ಟ್‌ಮಿನ್‌ಸ್ಟರಿನಲ್ಲಿ ಕಿರಾಣಿ ಅಂಗಡಿ ಇಟ್ಟ, ಓಟು ಹಾಕಿದ, ಗುಲಾಮಗಿರಿಯ ವಿರುದ್ಧ ಕಾಗದ ಬರೆದ. ಸಂಗೀತವನ್ನೂ ಬರೆದ. ಹ್ಯಾಂಡೆಲನ ಉತ್ಸವ ಮಿನುಯೆಟ್ ಎಂಬ ಕುಣಿತದಲ್ಲಿ ಮುಗಿಯುತ್ತದಲ್ಲ, ಅಂಥ ಮಿನುಯೆಟ್‌ಗಳನ್ನೇ ಸಾಂಚೊ ಕಟ್ಟಿ ಅಚ್ಚು ಹಾಕಿಸಿದ: ಪಿಟೀಲು, ಮ್ಯಾಂಡೊಲಿನ್, ಕೊಳಲು, ಹಾರ್ಪ್ಸಿಕಾರ್ಡಿಗೆ. ಹಾರ್ಟಿ ಹ್ಯಾಂಡೆಲನನ್ನು ದೊಡ್ಡದು ಮಾಡುವ ಹೊತ್ತಿಗೆ ಆ ಪುಸ್ತಕಕ್ಕೆ ಒಂದೂವರೆ ಶತಮಾನ ಕಳೆದಿತ್ತು. ಅದರ ಮೊದಲ ಪುಟದಲ್ಲಿ ಸಾಂಚೊನ ಹೆಸರಿಲ್ಲ. ರಚಿಸಿದವನು ಒಬ್ಬ ಆಫ್ರಿಕನ್ ಅಂತಷ್ಟೇ ಇದೆ.