ಓದಿ ಹೇಳುವವನ ಅಮಾನತ್

ನನ್ನ ಬಾಲ್ಯಕ್ಕೆ ಅಕ್ಷರಗಳು ಎರಡು ದಿಕ್ಕಿನಿಂದ ಬಂದವು. ಬೆಳಿಗ್ಗೆ ಫಜರ್ ನಮಾಝಿನ ನಂತರ ಫುಪ್ಪುವಿನ ಮುಂದೆ ಕೂತು ಅಲಿಫ್, ಬೇ, ತೇ ಎಂದು ಬಲದಿಂದ ಎಡಕ್ಕೆ ಓದುತ್ತಿದ್ದೆ. ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆ. ಅಲ್ಲಿ ಕನ್ನಡಕ್ಕೆ ದಿನಕ್ಕೊಂದು ಪಿರಿಯಡ್. ಐದನೆಯ ತರಗತಿಗೆ ಅಬ್ಬಾ ನನ್ನನ್ನು ಕನ್ನಡ ಶಾಲೆಗೆ ಸೇರಿಸಿದರು. ಮೊದಲ ಕೆಲವು ವಾರ ನನ್ನ ಕಣ್ಣು ಸಾಲಿನ ಬಲತುದಿಗೇ ಹೋಗಿ ನಿಲ್ಲುತ್ತಿತ್ತು. ನೋಟ್ ಪುಸ್ತಕವನ್ನು ಕೊನೆಯ ಪುಟದಿಂದ ಬರೆಯಲು ಶುರುಮಾಡಿ ಬೈಸಿಕೊಂಡದ್ದೂ ಉಂಟು.

ಫುಪ್ಪು, ಅಂದರೆ ಅಬ್ಬಾರ ಅಕ್ಕ, ನನ್ನ ಮೊದಲ ಗುರು. ಗಂಡ ಬಿಟ್ಟುಹೋದ ಮೇಲೆ ಒಬ್ಬನೇ ಮಗನೊಂದಿಗೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಓಣಿಯ ಮಕ್ಕಳಿಗೆಲ್ಲ ಕಾಯಿದಾ ಕಲಿಸುತ್ತಿದ್ದರು. ಇಸ್ಮಾಯಿಲ್ ಮೇರಠಿಯವರು ಮಕ್ಕಳಿಗಾಗಿ ಬರೆದ ಹಸುವಿನ ಪದ್ಯವನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದಲೇ. ಆದರೆ ಅವರಿಗೆ ಬರೆಯಲು ಬರುತ್ತಿರಲಿಲ್ಲ. ಕನ್ನಡವಂತೂ ಮಾತಾಡಲು ಮಾತ್ರ ಬರುತ್ತಿತ್ತು. 1991ರ ಜನಗಣತಿಯವರು ಬಂದಾಗ ಅಬ್ಬಾ ಅವರನ್ನು ಅನಕ್ಷರಸ್ಥೆ ಎಂದೇ ಬರೆಸಿದರು. ಅದು ನಿಯಮದ ಪ್ರಕಾರ ಸರಿಯೇ. ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಲೂ ಬರೆಯಲೂ ಬಲ್ಲ, ಏಳು ವರ್ಷ ತುಂಬಿದ ವ್ಯಕ್ತಿ ಮಾತ್ರ ನಮ್ಮ ಜನಗಣತಿಯಲ್ಲಿ ಸಾಕ್ಷರ. ಓದಬಲ್ಲವರು ಬರೆಯಲಾರದಿದ್ದರೆ ಆ ಲೆಕ್ಕಕ್ಕೆ ಸೇರುವುದಿಲ್ಲ. ನಲವತ್ತು ಮಕ್ಕಳಿಗೆ ಅಕ್ಷರ ಕಲಿಸಿದ ಹೆಂಗಸು ಅಂದು ಅನಕ್ಷರಸ್ಥರ ಪಟ್ಟಿಯಲ್ಲಿ ಉಳಿದರು.

ಓದು ಕಲಿಸಿದವರು ಬರಹವನ್ನೇಕೆ ಕಲಿಸಲಿಲ್ಲ? ಹೆಣ್ಣುಮಗಳು ಪವಿತ್ರ ಗ್ರಂಥವನ್ನು ಓದಿದರೆ ಸಾಕು, ಬರೆಯಲು ಕಲಿತರೆ ಯಾರಿಗೆ ಏನು ಬರೆಯುತ್ತಾಳೋ ಎಂಬ ಭಯ ಎಷ್ಟೋ ಮನೆಗಳಲ್ಲಿತ್ತು. ಉತ್ತರ ಭಾರತದ ಬಿಜನೋರಿನ ಕಡೆಯ ಬೀಬಿ ಅಶ್ರಫ್ ಹತ್ತೊಂಬತ್ತನೆಯ ಶತಮಾನದಲ್ಲಿ ಮನೆಯವರ ಕಣ್ಣುತಪ್ಪಿಸಿ ತವೆಯ ಮಸಿಯಿಂದ ಅಕ್ಷರ ತಿದ್ದಿದರು. ಮುಂದೆ ಲಾಹೋರಿನ ಬಾಲಕಿಯರ ಶಾಲೆಯಲ್ಲಿ ಶಿಕ್ಷಕಿಯಾದರು. ಅದೇ ಶತಮಾನದ ಬಂಗಾಳದಲ್ಲಿ ರಾಸಸುಂದರಿ ದೇವಿ ಎಂಬ ಗೃಹಿಣಿ ಚೈತನ್ಯ ಭಾಗವತದ ಒಂದು ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡು ಓದು ಕಲಿತರು, ಮುಂದೆ ತಮ್ಮ ಆತ್ಮಕಥೆಯನ್ನೇ ಬರೆದರು. ಒಬ್ಬರು ಮುಸ್ಲಿಮರು, ಇನ್ನೊಬ್ಬರು ಹಿಂದೂ. ಇಬ್ಬರೂ ಅಕ್ಷರವನ್ನು ಕದ್ದೇ ಕಲಿಯಬೇಕಾಯಿತು. ನನಗೋ, ಗಂಡುಹುಡುಗನೆಂಬ ಒಂದೇ ಕಾರಣಕ್ಕೆ ಅದು ಸುಲಭವಾಗಿ ದಕ್ಕಿತು.

ಕನ್ನಡ ಶಾಲೆ ನನ್ನನ್ನು 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯ ಹಿಂದೆ ಕಳಿಸಿತು. ಊರ ಗೌಡ ಕೊಟ್ಟ ಮಾತಿಗೆ ತಪ್ಪಿದ್ದಕ್ಕೆ ಮಕ್ಕಳೆಲ್ಲ ಹೋಗಿಬಿಟ್ಟರಲ್ಲ ಎಂದು ರಾತ್ರಿಯಿಡೀ ಚಿಂತಿಸಿದ್ದೆ. ಆದರೆ ನನ್ನನ್ನು ನಿಜವಾಗಿ ಹಿಡಿದುಕೊಂಡದ್ದು 'ಚಂದಮಾಮ'. ಕ್ಷೌರದಂಗಡಿಯಲ್ಲಿ ಹಳೆಯ ಸಂಚಿಕೆಗಳಿದ್ದವು. ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರ ನೋಡಲು, ಕೂದಲು ಬೆಳೆಯದಿದ್ದರೂ ಹೋಗಿ ಕೂರುತ್ತಿದ್ದೆ. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾಗಿ ಆಮೇಲೆ ಕನ್ನಡಕ್ಕೂ ಬಂದ ಆ ಪತ್ರಿಕೆ 2013ರಲ್ಲಿ ನಿಂತುಹೋಯಿತು. ಬೇತಾಳನ ಷರತ್ತು ಮಾತ್ರ ನನ್ನ ತಲೆಯಲ್ಲಿ ಇಂದಿಗೂ ಇದೆ: ಉತ್ತರ ತಿಳಿದೂ ಸುಮ್ಮನಿದ್ದರೆ ನಿನ್ನ ತಲೆ ಒಡೆಯುತ್ತದೆ.

1990ರ ರಂಝಾನಿನಲ್ಲಿ ಆ ಷರತ್ತು ನನ್ನ ಪಾಲಿಗೂ ಬಂತು. ಫುಪ್ಪುವಿನ ಮಗ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿದ್ದ. ಅವನು ಓದಿದ್ದು ಕನ್ನಡ ಶಾಲೆಯಲ್ಲಿ, ಹಾಗಾಗಿ ಇನ್‌ಲ್ಯಾಂಡ್ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದ. ಅಬ್ಬಾ ಊರಲ್ಲಿರಲಿಲ್ಲ. ಓದುವ ಕೆಲಸ ನನ್ನದಾಯಿತು. ಹಬ್ಬಕ್ಕೆ ರಜೆ ಸಿಗುವುದಿಲ್ಲ, ಮುಂಗಡ ತೆಗೆದುಕೊಂಡ ಸಂಬಳ ಇನ್ನೂ ತೀರಿಲ್ಲ, ಅಮ್ಮಾ ನನ್ನ ದಾರಿ ನೋಡಬೇಡ ಎಂದು ಬರೆದಿದ್ದ. ಫುಪ್ಪು ಉಪವಾಸದ ಒಣಗಿದ ತುಟಿಯಲ್ಲಿ ನಗುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಸಾಲುಗಳನ್ನು ಹೇಳಲು ನನ್ನಿಂದಾಗಲಿಲ್ಲ. ಬಿಟ್ಟು ಓದಿದೆ. ಅಷ್ಟಕ್ಕೇ ನಿಲ್ಲಲಿಲ್ಲ, ಅಣ್ಣ ಈದಿಗೆ ಬರುತ್ತಾನಂತೆ ಎಂದೂ ಸೇರಿಸಿದೆ.

ಅವರು ಮಗನಿಗೆ ಜುಬ್ಬಾ ಹೊಲಿಸಿದರು. ಈದಿನ ದಿನ ಶೀರ್ ಖುರ್ಮಾದ ಒಂದು ಬಟ್ಟಲನ್ನು ಮುಚ್ಚಿಟ್ಟು, ಸಂಜೆಯ ಕೊನೆಯ ಬಸ್ಸಿನವರೆಗೂ ಬಾಗಿಲಲ್ಲೇ ಕೂತಿದ್ದರು. ರಾತ್ರಿ ಆ ಬಟ್ಟಲನ್ನು ನನಗೇ ಕೊಟ್ಟರು. ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ನನ್ನ ತಲೆ ಒಡೆಯಲಿಲ್ಲ, ಆದರೆ ಆ ಸಿಹಿ ಗಂಟಲಲ್ಲಿ ಇಳಿಯಲೂ ಇಲ್ಲ.

ದೊಡ್ಡವನಾದ ಮೇಲೆ ಇದನ್ನು ಅನೇಕ ಸಲ ಯೋಚಿಸಿದ್ದೇನೆ. ಹತ್ತು ದಿನವಾದರೂ ಅವರು ಸಂತೋಷವಾಗಿದ್ದರಲ್ಲ, ಅದು ಕರುಣೆಯಲ್ಲವೇ? ಅಲ್ಲ ಎನ್ನಿಸುತ್ತದೆ. ಆ ದುಃಖ ಅವರದಾಗಿತ್ತು. ಅದನ್ನು ಯಾವಾಗ ಪಡಬೇಕು, ಹೇಗೆ ಪಡಬೇಕು ಎಂದು ತೀರ್ಮಾನಿಸುವ ಹಕ್ಕೂ ಅವರದೇ. ಅಕ್ಷರ ಬಲ್ಲೆನೆಂಬ ಬಲದಿಂದ ನಾನು ಅದನ್ನು ಕಿತ್ತುಕೊಂಡೆ. ಕಚೇರಿಯ ಕನ್ನಡದಲ್ಲಿ ಅಮಾನತು ಎಂದರೆ ಕೆಲಸದಿಂದ ದೂರವಿಡುವುದು. ನಮ್ಮ ಮನೆಮಾತಿನಲ್ಲಿ ಅಮಾನತ್ ಎಂದರೆ ಇನ್ನೊಬ್ಬರು ನಂಬಿ ನಮ್ಮ ಕೈಯಲ್ಲಿಟ್ಟ ಸೊತ್ತು. ಓದಲಾರದವರು ಓದಬಲ್ಲವನ ಕೈಗೆ ಕಾಗದ ಕೊಡುವಾಗ ಅದರೊಂದಿಗೆ ತಮ್ಮ ಕಣ್ಣನ್ನೂ ಕೊಟ್ಟಿರುತ್ತಾರೆ. ಅದರಲ್ಲಿ ಒಂದು ಸಾಲು ಕದ್ದರೂ ಕಳವೇ.

ಇಷ್ಟು ತಿಳಿದೂ ನಾನು ಮತ್ತೆ ಅದೇ ತಪ್ಪು ಮಾಡಿದೆ. 2008ರಲ್ಲಿ ನನ್ನ ಒಂದು ಕತೆ ಅಚ್ಚಾಯಿತು. ಫುಪ್ಪುವಿನ ಬದುಕೇ ಆ ಕತೆ. ಹೆಸರು ಬದಲಿಸಿದ್ದೆ, ಅಷ್ಟೆ. ಓದಿದವರು ಮೆಚ್ಚಿದರು. ಯಾರ ಕತೆಯೋ ಅವರೊಬ್ಬರಿಗೆ ಮಾತ್ರ ಅದನ್ನು ಓದಲು ಸಾಧ್ಯವಿರಲಿಲ್ಲ. ಸುದ್ದಿ ತಿಳಿದು ಅವರೇ ನನ್ನನ್ನು ಕರೆದು ಓದಿ ಹೇಳು ಎಂದರು. ನಾನು ದಖನಿಗೆ ತಿರುಗಿಸುತ್ತಾ ಓದಿದೆ. ಗಂಡ ಅವರನ್ನು ಬಿಟ್ಟುಹೋದ ಭಾಗ ಬಂದಾಗ ಹಾಳೆ ಮಗುಚಿದೆ.

ಫುಪ್ಪು ಕೈ ಎತ್ತಿ ನಿಲ್ಲಿಸಿದರು. "ಪುಟ ಅಷ್ಟುದ್ದ ಇದೆ, ನೀನು ಓದಿದ್ದು ಇಷ್ಟೇ" ಎಂದರು. ದಿನವೂ ಓದುವವರಲ್ಲವೇ, ಒಂದು ಪುಟಕ್ಕೆ ಎಷ್ಟು ಉಸಿರು ಬೇಕೆಂದು ಅವರಿಗೆ ಗೊತ್ತಿತ್ತು. "ಪೂರಾ ಪಡ್ ಬೇಟಾ."

ಪೂರ್ತಿ ಓದಿದೆ. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಅವರು ಹೋದದ್ದು ಸಂಜೆಯಲ್ಲ, ಬೆಳಗಿನ ಜಾವ. ನಾನು ಚಹಾ ಇಟ್ಟಿದ್ದೆ" ಎಂದರು. ಆಮೇಲೆ, "ಬರೆಯುವ ಮೊದಲು ಕೇಳಬಹುದಿತ್ತು" ಎಂದರು. ಚೆನ್ನಾಗಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಆ ಇನ್‌ಲ್ಯಾಂಡ್ ಪತ್ರದ ವಿಷಯವನ್ನು ನಾನು ಅವತ್ತೇ ಅವರಿಗೆ ಹೇಳಿದೆ. ಗೊತ್ತಿತ್ತು ಎಂಬಂತೆ ತಲೆಯಾಡಿಸಿದರು.

ನಮ್ಮ ಮನೆಗಳ ಹೆಂಗಸರ ಬಗ್ಗೆ, ಅವರು ಓದಲಾರದ ಲಿಪಿಯಲ್ಲಿ ಬರೆಯುವ ನನ್ನಂಥವರು ಎಷ್ಟೋ ಇದ್ದೇವೆ. ನಮ್ಮ ತಪ್ಪನ್ನು ಹಿಡಿಯಬಲ್ಲವರು ಅವರೇ, ಆದರೆ ಪುಸ್ತಕ ಅವರ ಕೈಯಲ್ಲಿದ್ದರೂ ಮುಚ್ಚಿಯೇ ಇರುತ್ತದೆ. ಈ ಸ್ಥಿತಿಯಲ್ಲಿ ಬರೆಯಲೇಬಾರದು ಎಂದು ನಾನು ಹೇಳಲಾರೆ. ಆದರೆ ಅವರ ಮುಂದೆ ಕೂತು ಪೂರ್ತಿ ಓದಿ ಹೇಳುವ ಧೈರ್ಯವಿಲ್ಲದ ಸಾಲನ್ನು ಅಚ್ಚಿಗೆ ಕೊಡಬಾರದು.

ಈಗ ಫುಪ್ಪು ಇಲ್ಲ. ಓಣಿಯ ಹಿರಿಯರು ಬ್ಯಾಂಕಿನ ಸಂದೇಶ, ಆಸ್ಪತ್ರೆಯ ಚೀಟಿ, ಕೋರ್ಟಿನ ನೋಟೀಸು ಹಿಡಿದುಕೊಂಡು ನನ್ನ ಬಳಿ ಬರುತ್ತಾರೆ. ಕೆಲವು ಕಾಗದಗಳನ್ನು ನೋಡಿದಾಗ ಹತ್ತು ವರ್ಷದ ಆ ಹುಡುಗ ಒಳಗಿನಿಂದ ನಾಲಿಗೆ ಹಿಡಿದೆಳೆಯುತ್ತಾನೆ. ಆಗ ನಾನು ಮೊದಲು ಕಾಗದದಲ್ಲಿ ಇರುವುದನ್ನೆಲ್ಲ ಓದಿ ಹೇಳುತ್ತೇನೆ. ನನ್ನ ಸಮಾಧಾನದ ಮಾತೇನಿದ್ದರೂ ಆಮೇಲೆ.