ಜಮಖಾನದ ಅಡಿಯ ನೆಲ



ಮನೆಯೆಂಬುದು ಗೃಹಸ್ಥನಿಗೆ ಕೇವಲ ಆಶ್ರಯಸ್ಥಾನವಲ್ಲ. ಅದು ಅವನ ಆಚಾರದ ಒರೆಗಲ್ಲು. ಸ್ವಂತ ಮನೆಯನ್ನು ಅಭಿಮಾನದಿಂದಲಾದರೂ ಜೋಪಾನ ಮಾಡುವವರುಂಟು. ಪರರ ಮನೆಯಲ್ಲಿ ಬಾಡಿಗೆಗೆ ಇರುವವನು ಅದನ್ನು ಹೇಗೆ ಕಾಯುವನೆಂಬುದರಲ್ಲಿಯೇ ಅವನ ಭಕ್ತಿಯ ಪರೀಕ್ಷೆ. ಕಸ ತುಂಬಿದ ಮನೆಯನ್ನು ಕಂಡು ಅದರ ಯಜಮಾನನ ಇರವನ್ನೇ ಶಂಕಿಸುವ ದೃಷ್ಟಾಂತವನ್ನು ಬಸವಣ್ಣನವರು ವೃಥಾ ಕೊಟ್ಟವರಲ್ಲ. ಮನೆಯ ನೆಪದಿಂದ ಅವರು ತೋರಿದುದು ತನುಮನಗಳನ್ನು.

ಇಂದು ಕನ್ನಡನಾಡಿನ ಶಿವಭಕ್ತರು ಉದ್ಯೋಗನಿಮಿತ್ತ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿಯೂ ನೆಲಸಿರುವರು. ಅಲ್ಲಿಯ ಅನೇಕ ಹಳೆಯ ಬಹುಮಹಡಿ ಕಟ್ಟಡಗಳ ಬಾಡಿಗೆ ಮನೆಗಳಲ್ಲಿ ಓಕ್ ಮೊದಲಾದ ಗಟ್ಟಿಮರದ ಹಲಗೆಗಳನ್ನು ಜೋಡಿಸಿ, ಹೊಳಪಿನ ಲೇಪವಿತ್ತ ನೆಲವಿರುತ್ತದೆ. ಮರವು ತೇವವನ್ನು ಹೀರಿ ಉಬ್ಬುವುದು, ಒಣಗಿ ಕುಗ್ಗುವುದು. ನಿಂತ ನೀರು ಲೇಪವನ್ನು ದಾಟಿ ಒಳಗಿಳಿದರೆ ಹಲಗೆಯ ಅಂಚು ಮೇಲೇಳುವುದು. ಓಕ್ ಮರದಲ್ಲಿ ಕಪ್ಪು ಕಲೆ ಮೂಡುವುದು. ಅದು ಒರೆಸಿದರೆ ಹೋಗದು. ಹಲಗೆಯ ಮೈಯನ್ನು ಉಜ್ಜಿ ತೆಗೆದು ಮರಳಿ ಲೇಪ ಕೊಡಬೇಕು, ಕಲೆ ಆಳವಾದರೆ ಹಲಗೆಯನ್ನೇ ಬದಲಿಸಬೇಕು. ಮರದ ನೆಲದ ಮೇಲಿನ ಹೆಜ್ಜೆಯ ಸದ್ದು ಕೆಳಮನೆಯವರ ನಿದ್ರೆಯನ್ನು ಕೆಡಿಸುವುದರಿಂದ, ನೆಲದ ನೂರರಲ್ಲಿ 80 ಪಾಲನ್ನು ಜಮಖಾನದಿಂದ ಮುಚ್ಚಬೇಕೆಂಬ ಕರಾರು ಆ ನಗರದ ಅನೇಕ ಬಾಡಿಗೆ ಪತ್ರಗಳಲ್ಲಿದೆ.

ಇಂತಹ ಮನೆಯಲ್ಲಿರುವ ಭಕ್ತನೊಬ್ಬನನ್ನು ಭಾವಿಸಿರಿ. ಅವನು ನಿತ್ಯವೂ ಪ್ರಾತಃಕಾಲದಲ್ಲಿ ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ ಮಜ್ಜನಕ್ಕೆರೆಯುವನು. ತಂಬಿಗೆಯಿಂದ ತುಳುಕಿದ ನೀರು ಜಮಖಾನದಲ್ಲಿ ಇಂಗಿ, ವರ್ಷಗಳು ಕಳೆಯುವಷ್ಟರಲ್ಲಿ ಅಡಿಯ ಹಲಗೆ ಕಪ್ಪಾಯಿತು. ಮನೆ ಬಿಡುವ ಕಾಲದಲ್ಲಿ ಜಮಖಾನವನ್ನೆತ್ತಿ ಕಲೆಯನ್ನು ಕಂಡ ಅವನು ಗಾಬರಿಯಿಂದ ಅದನ್ನು ಮತ್ತೆ ಹಾಸಿದನು. ಒಂದು ತಿಂಗಳ ಬಾಡಿಗೆಯಷ್ಟು ಹಣ ಮುಂಗಡವಾಗಿ ಮಾಲೀಕನಲ್ಲಿತ್ತು. "ಇದನ್ನು ಇಲ್ಲಿಯೇ ಬಿಟ್ಟು ಹೋಗೋಣ. ಹಣ ಕೈಸೇರಿದ ಮೇಲೆ ಅವರು ಎತ್ತಿ ನೋಡಲಿ. ಪೂಜೆಯಿಂದಾದ ಕಲೆಯಲ್ಲವೇ, ದೋಷವೇನು?" ಎಂದು ಮಡದಿಗೆ ಹೇಳಿದನು.

ಆ ಪುಣ್ಯಾಂಗನೆಯು, "ಪೂಜೆ ನಮ್ಮದು, ನೆಲ ಅವರದು. ಕೈಯಲ್ಲಿ ಲಿಂಗವನ್ನು ಹಿಡಿದು ಕಾಲಡಿಯಲ್ಲಿ ಹುಸಿಯನ್ನು ಹಾಸಬಹುದೇ? ನೀವೇ ಹೇಳಿರಿ" ಎಂದಳು. ಕಲ್ಯಾಣದಲ್ಲಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಮರಳಿಸಿ ಬರುವಂತೆ ಎಚ್ಚರಿಸಿದ ಲಕ್ಕಮ್ಮನವರ ಧರ್ಮವೇ ಆ ಮಾತಿನಲ್ಲಿತ್ತು. ಭಕ್ತನು ಮಾಲೀಕನನ್ನು ಕರೆದು ತಾನೇ ಜಮಖಾನವನ್ನು ಸರಿಸಿ ತೋರಿಸಿದನು. ದುರಸ್ತಿಯ ವೆಚ್ಚವನ್ನು ಮುಂಗಡದಲ್ಲಿ ಕಳೆಯಲಾಯಿತು. ಹಣ ಹೋಯಿತು, ಕೊರಗು ಉಳಿಯಲಿಲ್ಲ.

ಇಲ್ಲಿ ಗಮನಿಸತಕ್ಕುದೊಂದಿದೆ. ಕೆಳಮನೆಯವರ ನಿದ್ರೆಗಾಗಿ ಹಾಸಿದಾಗ ಆ ಜಮಖಾನವು ದಯೆ. ಕಲೆಯನ್ನು ಮರೆಮಾಡಲು ಹಾಸಿದಾಗ ಅದೇ ಕಪಟ. ವಸ್ತುವೊಂದೇ, ಭಾವವೆರಡು. ವಿಭೂತಿ ರುದ್ರಾಕ್ಷಿಗಳೂ ಅಂತೆಯೇ. ಅರಿವಿನ ಕುರುಹಾಗಿ ಧರಿಸಿದರೆ ಅವು ಲಾಂಛನ. ಅಂತರಂಗದ ಕಲೆಯನ್ನು ಮುಚ್ಚಲು ಧರಿಸಿದರೆ ಬರಿಯ ಹೊದಿಕೆ. ಹೊದಿಕೆಯಡಿಯಲ್ಲಿ ತೇವವು ಆರುವುದಿಲ್ಲ, ಕಲೆಯು ಬೆಳೆಯುವುದು.

ನ್ಯೂಯಾರ್ಕ್ ರಾಜ್ಯವು 2019ರಲ್ಲಿ ಮಾಡಿದ ಕಾನೂನಿನಂತೆ, ಬಹುತೇಕ ಬಾಡಿಗೆದಾರರು ಮನೆ ಬಿಡುವ ಮುನ್ನವೇ ಅದನ್ನು ಪರೀಕ್ಷಿಸಿರೆಂದು ಮಾಲೀಕನನ್ನು ಕೇಳಬಹುದು. ಅವನು ಬರೆದುಕೊಟ್ಟ ಲೋಪಗಳನ್ನು ತಾವೇ ಸರಿಪಡಿಸಿಕೊಳ್ಳಬಹುದು. ನಡೆದಾಡಿದ ಸಹಜ ಸವೆತಕ್ಕೆ ದಂಡವಿಲ್ಲ. ಈ ದೇಹವೂ ಶಿವನು ಕೆಲಕಾಲಕ್ಕೆ ಕೊಟ್ಟ ಮನೆ. ಕಾಯಕದಿಂದ ಸವೆದುದಕ್ಕೆ ಆ ಒಡೆಯನು ಲೆಕ್ಕ ಕೇಳನು, ಮುಚ್ಚಿಟ್ಟುದಕ್ಕೆ ಕೇಳುವನು. ಬಿಡುವ ದಿನವು ಯಾವುದೆಂದು ಇಲ್ಲಿ ಯಾರಿಗೂ ಮುಂದಾಗಿ ತಿಳಿಯದು. ಆದುದರಿಂದ ಭಕ್ತನಾದವನು ಪ್ರತಿದಿನವೂ ಪೂಜೆಗೆ ಕುಳ್ಳಿರುವ ಮುನ್ನ ಜಮಖಾನವನ್ನೆತ್ತಿ ನೆಲವನ್ನು ನೋಡಿಕೊಳ್ಳತಕ್ಕುದು.

ಶಿವಾರ್ಪಣಮಸ್ತು.