ಹೆಗಲು ತಾಳುವಷ್ಟು ಈಡು

ದೇಲಂಪಾಡಿ, ಬೆಳ್ಳೂರು, ಎಣ್ಮಕಜೆ ಕಡೆ ಬೆಳಗ್ಗೆ ತೋಟಕ್ಕಿಳಿದವರಿಗೆ ಕಾಡುಹಂದಿ ಬಂದುಹೋದ ಗುರುತು ಹೊಸತಲ್ಲ. ಮರಗೆಣಸಿನ ಸಾಲು ಬುಡಮೇಲಾಗಿರುತ್ತದೆ, ಮೊನ್ನೆ ನೆಟ್ಟ ತೆಂಗಿನ ಸಸಿ ಸಿಗಿದು ಬಿದ್ದಿರುತ್ತದೆ. 2022ರಲ್ಲಿ ಕೇರಳ ಸರಕಾರ ಪಂಚಾಯತು ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ಕೊಟ್ಟಿತು. ಅವರ ಆದೇಶವಿದ್ದರೆ, ಬೆಳೆ ಹಾಳುಮಾಡುವ ಹಂದಿಗೆ ಪರವಾನಗಿ ಕೋವಿ ಇರುವವರು ಈಡು ಹೊಡೆಯಬಹುದೆಂದಾಯಿತು. ವಿಷ, ಸ್ಫೋಟಕ, ಕರೆಂಟು ಮಾತ್ರ ಕೂಡದು. ಹಾಗೆ ಮೂಲೆ ಸೇರಿದ್ದ ಕೋವಿ ಮತ್ತೆ ಜಗಲಿಯ ಮಾತಿಗೆ ಬಂತು: ತೋಟೆ ಯಾವುದು ತರುವುದು, ಮಾಮೂಲಿಯದೋ, ಮ್ಯಾಗ್ನಮ್ಮೋ?

ಹನ್ನೆರಡು ಬೋರಿನ ಮಾಮೂಲಿ ತೋಟೆ ಸಾಧಾರಣವಾಗಿ 70 ಮಿಲಿಮೀಟರ್ ಉದ್ದ, ಮ್ಯಾಗ್ನಮ್ 76. ಇದು ಈಡು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಅಳತೆ. ಹಾರುವ ಮೊದಲು ಬಾಯಿ ಮಡಚಿರುವುದರಿಂದ ಉದ್ದದ ತೋಟೆಯೂ ಹಳೇ ಕೋವಿಯೊಳಗೆ ಸಲೀಸಾಗಿ ಕೂರಬಹುದು. ಹಾರಿಸುವಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರಿತೋ, ಕೋವಿಯೇ ಸಿಡಿಯಬಹುದು. ನಳಿಗೆಯ ಮೇಲೆ ಕೆತ್ತಿದ ಅಂಕಿಯನ್ನು ಮೊದಲು ನೋಡುವುದು ಅದಕ್ಕೇ. ಕೋವಿ ಹೊಸತಾಗಿದ್ದು ಆ ಭಯವಿಲ್ಲದಿದ್ದರೂ ಇನ್ನೊಂದಿದೆ. ಮ್ಯಾಗ್ನಮ್ಮಿನ ಒದೆಯೇ ಹೆಚ್ಚು, ಕೋವಿ ಹಗುರವಾದಷ್ಟೂ ಅದು ಇನ್ನೂ ಜೋರು. ಒಮ್ಮೆ ಹೆಗಲು ನೋಯಿಸಿಕೊಂಡವನು ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ.

ಗುರಿ ಸರಿಯಿದ್ದರೆ ಕಡಿಮೆ ಬಲವೂ ಸಾಕು. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಹೊಡೆದದ್ದಕ್ಕೆ 1907ರಲ್ಲಿ ಬೇಟೆಗಾರ ಜಿಮ್ ಕಾರ್ಬೆಟ್‌ಗೆ ಬಹುಮಾನವಾಗಿ ಸಿಕ್ಕಿದ್ದು .275 ರಿಗ್ಬಿ ಎಂಬ ಹಗುರ ರೈಫಲ್. ದೊಡ್ಡ ಬೇಟೆಗೆ ಬಲ ಸಾಲದೆಂದು ಹಲವರು ಹೇಳುವಂಥದು. 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆ ಬಿದ್ದದ್ದು ಅದರ ಗುಂಡಿಗೇ. ಹೊತ್ತು ನಡೆಯಲಾಗುವ, ಕೈ ನಡುಗಿಸದ ಕೋವಿಯಿಂದ ಸರಿಯಾದ ಜಾಗಕ್ಕೆ ಒಂದೇ ಗುಂಡು, ಅಷ್ಟು ಸಾಕಾಯಿತು.

ಕೈಮೀರಿದ ಬಲಕ್ಕೆ ಬೆಲೆ ತೆರುವವರು ಹೆಚ್ಚಾಗಿ ಬೇರೆಯವರು. ಗುಡ್ಡದ ಮೇಲಿನವರು ಬೋರ್‌ವೆಲ್ಲಿನ ಆಳ ಹೆಚ್ಚಿಸಿದಾಗ ಕೆಳಮನೆಯವರ ನೀರಿನ ಸುರಂಗ ಬತ್ತುವುದು ಹೇಗೋ, ಇಲ್ಲೂ ಹಾಗೆಯೇ. ಗುರಿ ತಪ್ಪಿ ಗಾಯಗೊಂಡ ಹಂದಿ ಪೊದೆ ಸೇರುತ್ತದೆ. ಮರುದಿನ ಅದಕ್ಕೆ ಎದುರಾಗುವವರು ಸೊಪ್ಪು ತರಲು ಹೋದ ಅಕ್ಕನೋ, ಒಳದಾರಿಯಲ್ಲಿ ಶಾಲೆಗೆ ಹೊರಟ ಮಗುವೋ ಆಗಿರಬಹುದು. ಹಂದಿಯೂ ಸುಮ್ಮನೆ ನರಳಬೇಕಾಗುತ್ತದೆ. ಕೊಲ್ಲಲೇಬೇಕಾಗಿ ಬಂದಾಗ ನರಳಿಸದಿರುವುದೂ ಒಂದು ಧರ್ಮ. ಅದಕ್ಕೆ ಬೇಕಾದದ್ದು ನಮ್ಮ ಹೆಗಲು ತಾಳುವಷ್ಟು ಈಡು, ಹಗಲು ಹೊತ್ತಿನ ಅಭ್ಯಾಸ, ಗುರಿ ಖಚಿತವಿಲ್ಲದಿದ್ದರೆ ಕೋವಿ ಇಳಿಸುವ ತಾಳ್ಮೆ. ಅಷ್ಟಾಗಿಯೂ ಹಂದಿ ಗಾಯಗೊಂಡು ಓಡಿತೆಂದರೆ, ನಾಚಿಕೆಯನ್ನು ಬದಿಗಿಟ್ಟು ಆ ರಾತ್ರಿಯೇ ನೆರೆಕರೆಯವರಿಗೆಲ್ಲ ಒಂದು ಫೋನ್ ಮಾಡಿಬಿಡಬೇಕು.